ಹಳೆಯ ಮಸೂರ, ಹೊಸ ಕೈ

ಛಾಯಾಚಿತ್ರಣಕ್ಕೆ ಹೊಸದಾಗಿ ಕೈಹಚ್ಚುವ ತರುಣರಲ್ಲಿ ಈಚೆಗೆ ಹಳೆಯ ಕ್ಯಾಮೆರಾಗಳ ಮೋಹ ಹೆಚ್ಚುತ್ತಿದೆ. ತಾತನ ಟ್ರಂಕಿನ ತಳದಿಂದ ಆಗ್ಫಾ ಕ್ಲಿಕ್-3 ಮೇಲೇಳುತ್ತದೆ. ಸೋವಿಯತ್ ಕಾಲದ ಜೆನಿತ್ ಅಂಚೆಯ ಮೂಲಕ ಮಂಡ್ಯಕ್ಕೆ ಬಂದಿಳಿಯುತ್ತದೆ. ಕಿಸೆಯ ಮೊಬೈಲೇ ಸಾವಿರ ಚಿತ್ರ ತೆಗೆಯುವಾಗ ಈ ತೊಡಕೇಕೆಂದು ನಗುವವರುಂಟು. ನಾನು ಅವರ ಪಕ್ಷದವನಲ್ಲ. ಆದರೂ ಮೋಹಗೊಂಡವರಿಗೆ ಒಂದು ಮಾತು ಹೇಳಬೇಕಾಗಿದೆ.

ಹಳೆಯ ಯಂತ್ರ ಏನನ್ನು ಕಲಿಸುತ್ತದೆಂಬುದನ್ನು ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯ ಎದುರು ನಿಂತು ನೋಡಬೇಕು. ಮಳೆಗಾಲದ ಮೋಡದ ಬೆಳಕು. ಕ್ಯಾಮೆರಾದಲ್ಲಿ 100ರ ವೇಗದ ರೀಲು. ಸೆಕೆಂಡಿನ 1/125ಕ್ಕೆ ಎಫ್-8 ಸರಿಹೋಗುವುದೆನ್ನಿ. ಶಟರನ್ನು 1/500ಕ್ಕೆ ಏರಿಸಿದರೆ ನೀರು ಹನಿಹನಿಯಾಗಿ ಸಿಡಿದು ನಿಲ್ಲುತ್ತದೆ; ಆಗ ಮಸೂರದ ಕಿಂಡಿಯನ್ನು ಎಫ್-4ಕ್ಕೆ ಅಗಲಿಸಬೇಕು. 1/30ಕ್ಕೆ ಇಳಿಸಿದರೆ ನೀರು ಎಳೆಯೆಳೆಯಾಗಿ ಹರಿಯುತ್ತದೆ. ಕಿಂಡಿ ಎಫ್-16ಕ್ಕೆ ಕಿರಿದಾಗಬೇಕು. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವ ತಕ್ಕಡಿಯ ಲೆಕ್ಕವಿದು. ಈ ಲೆಕ್ಕವನ್ನು ಮೊಬೈಲು ತಾನೇ ಮಾಡಿ ಮುಗಿಸುವುದರಿಂದ ಕಲಿಯುವವನಿಗೆ ಅದು ದಕ್ಕುವುದೇ ಇಲ್ಲ.

ಹಾಗೆಂದು ಮೊದಲ ದಿನವೇ ರೀಲು ಕೊಳ್ಳಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಗಿದೆ. ಈಗ ರೀಲಿಗಾಗಿ ಹೊರದೇಶಗಳನ್ನೇ ನೆಚ್ಚಬೇಕು. ಕ್ಲಿಕ್-3ರ ಒಂದು ರೀಲಿಗೆ 12 ಚಿತ್ರ, ಜೆನಿತ್‌ಗೆ 36. ಕಬ್ಬಿನ ಹಣ ಬಂದಾಗಲೇ ಮನೆಯ ಖರ್ಚು ತೂಗಿಸುವ ನಮ್ಮ ಊರುಗಳ ಹುಡುಗರಿಗೆ ಇದು ಸಣ್ಣ ವೆಚ್ಚವಲ್ಲ. ಮೇಲಾಗಿ, ರೀಲು ತೊಳೆದು ಬರುವ ಹೊತ್ತಿಗೆ ಯಾವ ಚಿತ್ರಕ್ಕೆ ಯಾವ ಅಂಕಿ ಇಟ್ಟಿದ್ದೆನೆಂಬುದೇ ಮರೆತಿರುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ, ಅದರ ಕಾರಣ ಮಾತ್ರ ಸಿಗುವುದಿಲ್ಲ.

ಆದುದರಿಂದ ಹಳೆಯ ಮಸೂರವನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ತೊಡಿಸುವುದೇ ಸರಿಯಾದ ಮೊದಲ ಹೆಜ್ಜೆ. ಎರವಲು ತಂದ ಕ್ಯಾಮೆರಾ ಆದರೂ ಆದೀತು. ಜೆನಿತ್ ಜೊತೆ ಬರುತ್ತಿದ್ದ 58 ಮಿಲಿಮೀಟರಿನ ಹೀಲಿಯೋಸ್ ಮಸೂರ ಒಂದು ಅಗ್ಗದ ಬಳೆಯ ನೆರವಿನಿಂದ ಕನ್ನಡಿಯಿಲ್ಲದ ಈಗಿನ ಕ್ಯಾಮೆರಾಗಳಿಗೆ ಕೂಡಿಕೊಳ್ಳುತ್ತದೆ. ಕಿಂಡಿಯನ್ನೂ ದೂರವನ್ನೂ ಕೈಯಿಂದಲೇ ತಿರುಗಿಸಬೇಕು. ಫಲ ಆ ಕ್ಷಣದಲ್ಲೇ ಕಾಣುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವುದರಿಂದ ಅಲ್ಲಿ 135 ಮಿಲಿಮೀಟರಿನ ಹಳೆಯ ಮಸೂರವೂ ಸಾಕಾದೀತು. ಹಾರುವ ಹಕ್ಕಿ ತಪ್ಪಿಹೋಗುತ್ತದೆ, ನಿಜ. ಗೂಡಿನಲ್ಲಿ ಕುಳಿತದ್ದು ಕಾಯುತ್ತದೆ. ಕೈ ಪಳಗಿದ ಮೇಲೆ ರೀಲಿಗೆ ಹೋಗಲಿ, ಅಂಕಿ ಬರೆದುಕೊಳ್ಳಲು ಕಿಸೆಯಲ್ಲೊಂದು ಪುಸ್ತಕವಿರಲಿ.

ಮಸೂರ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆಯೆಂದೇ ಅರ್ಥ. ನಾಲೆಯ ತೇವದ ನಾಡಿನಲ್ಲಿ ಚರ್ಮದ ಚೀಲವೇ ಬೂಷ್ಟಿನ ತವರು; ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಲೇಸು.

ಇನ್ನು ತಾತನ ಆಗ್ಫಾ ಸಿಕ್ಕವರು ಆತುರದಿಂದ ಅದನ್ನು ಬಿಚ್ಚಬಾರದು. ಅದರ ಬೆನ್ನಿನಲ್ಲೊಂದು ಕೆಂಪು ಕಿಂಡಿಯಿದೆ. ಅಲ್ಲಿ ಅಂಕಿಯೇನಾದರೂ ಕಂಡರೆ ಒಳಗೆ ರೀಲಿದೆ. ತಾತ ತೆಗೆದು, ಯಾರೂ ಇನ್ನೂ ನೋಡದ ಚಿತ್ರಗಳು ಅದರಲ್ಲಿರಬಹುದು.