ಎರಡು ಲಕ್ಷದಿಂದ ಅರವತ್ತು ಲಕ್ಷಕ್ಕೆ

ವಿಶ್ವವಿದ್ಯಾಲಯವೊಂದು ತನ್ನ ಅಧ್ಯಾಪಕರಿಗೆ ತನ್ನದೇ ಹಣದಿಂದ ಸಂಶೋಧನೆಗೆಂದು ಕೊಡುವ ಸಣ್ಣ ಮೊತ್ತಕ್ಕೆ ಕ್ಯಾಂಪಸ್ಸಿನಲ್ಲಿ ಸೀಡ್ ಮನಿ ಎನ್ನುತ್ತಾರೆ. ಒಂದು ಲಕ್ಷ, ಎರಡು ಲಕ್ಷ. ಅನುಕೂಲವಂತ ಸಂಸ್ಥೆಯಾದರೆ ಐದೋ ಹತ್ತೋ. ಈ ದುಡ್ಡಿನಲ್ಲಿ ದೊಡ್ಡ ಸಂಶೋಧನೆ ಮುಗಿಯಬೇಕೆಂದು ಯಾರೂ ಕೇಳುವುದಿಲ್ಲ. ದೆಹಲಿಯ ಅನುದಾನ ಸಂಸ್ಥೆಯ ಮುಂದೆ ಒಂದು ತಂಡ ಧೈರ್ಯವಾಗಿ ನಿಲ್ಲುವಷ್ಟು ಸಿದ್ಧತೆ ಇದರಿಂದ ಆಗಬೇಕು, ಅಷ್ಟೆ. 2017ರಲ್ಲಿ ನ್ಯಾಕ್ ತನ್ನ ಮೌಲ್ಯಮಾಪನದ ಚೌಕಟ್ಟನ್ನು ಪರಿಷ್ಕರಿಸಿದಾಗ, ಸಂಸ್ಥೆ ತನ್ನ ಅಧ್ಯಾಪಕರಿಗೆ ಈ ಹಣ ಕೊಡುತ್ತಿದೆಯೇ, ವರ್ಷಕ್ಕೆ ಎಷ್ಟು ಲಕ್ಷ ಎಂಬುದೂ ಅಂಕ ತರುವ ಪ್ರಶ್ನೆಯಾಯಿತು. ಅಲ್ಲಿಂದೀಚೆಗೆ ನಮ್ಮ ವಿಶ್ವವಿದ್ಯಾಲಯಗಳ ಬಜೆಟ್ಟಿನಲ್ಲಿ ಇದಕ್ಕೊಂದು ಲೆಕ್ಕಶೀರ್ಷಿಕೆ ಕಾಣಿಸತೊಡಗಿತು. ಆ ಹಣದಿಂದ ಏನಾಯಿತು, ಏನಾಗಲಿಲ್ಲ ಎಂದು ಹಿಂತಿರುಗಿ ನೋಡುವಷ್ಟು ಕಾಲ ಈಗ ಕಳೆದಿದೆ.

ಅದಕ್ಕೂ ಮುಂಚೆ ಪರಿಸ್ಥಿತಿ ಬೇರೆಯಿತ್ತು. ಕಾಲೇಜು ಅಧ್ಯಾಪಕರ ಮೊದಲ ಮೆಟ್ಟಿಲು ಯುಜಿಸಿಯ ಮೈನರ್ ಪ್ರಾಜೆಕ್ಟ್. ಕರ್ನಾಟಕದ ಕಾಲೇಜುಗಳ ಅರ್ಜಿಗಳೆಲ್ಲ ಬೆಂಗಳೂರಿನ ಅರಮನೆ ರಸ್ತೆಯ ಯುಜಿಸಿ ಪ್ರಾದೇಶಿಕ ಕಚೇರಿಗೆ ಹೋಗುತ್ತಿದ್ದವು. ಮೊತ್ತ ಚಿಕ್ಕದು, ತಡವಾಗಿ ಬರುತ್ತಿತ್ತು, ಆದರೂ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಾಠ ಮಾಡುವ ಸಸ್ಯಶಾಸ್ತ್ರದ ಮೇಷ್ಟ್ರಿಗೂ, ಕನ್ನಡದ ಮೇಡಂಗೂ ತಾವು ಸಂಶೋಧಕರು ಎಂಬ ಭಾವನೆ ಹುಟ್ಟಿಸಿದ್ದು ಆ ಯೋಜನೆಯೇ. 12ನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ಗೆ ಮುಗಿಯಿತು. ಅದರ ಜೊತೆಗೆ ಮೈನರ್ ಪ್ರಾಜೆಕ್ಟುಗಳ ಕಾಲವೂ ಮುಗಿಯುತ್ತ ಬಂತು. 2022ರ ಶಿಕ್ಷಕರ ದಿನದಂದು ಯುಜಿಸಿ ಹೊಸ ಯೋಜನೆಗಳನ್ನು ಪ್ರಕಟಿಸಿತು. ಹೊಸದಾಗಿ ನೇಮಕಗೊಂಡ ಅಧ್ಯಾಪಕರಿಗೆ ಡಿ.ಎಸ್. ಕೊಠಾರಿ ಅವರ ಹೆಸರಿನಲ್ಲಿ 10 ಲಕ್ಷ ರೂಪಾಯಿಯ ಅನುದಾನವೂ ಅದರಲ್ಲಿತ್ತು. ಒಳ್ಳೆಯದೇ. ಆದರೆ ಹಳೆಯ ಮೈನರ್ ಪ್ರಾಜೆಕ್ಟ್ ತಲುಪುತ್ತಿದ್ದಷ್ಟು ಊರುಗಳನ್ನು ಅದು ತಲುಪುವುದಿಲ್ಲ. ರಾಜ್ಯ ಸರ್ಕಾರದ ಕಡೆಯಿಂದ ಸಿ.ಎನ್.ಆರ್. ರಾವ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಆರಂಭಿಸಿದ ವಿಜನ್ ಗ್ರೂಪ್, ಯುವ ವಿಜ್ಞಾನಿಗಳಿಗೆ ಸೀಡ್ ಮನಿ ಕೊಡುವ ಪ್ರತ್ಯೇಕ ಯೋಜನೆಯನ್ನೇ ರೂಪಿಸಿತು. ಈ ರಾಜ್ಯ ತನ್ನ ಕಾಲೇಜು ಪ್ರಯೋಗಾಲಯಗಳಿಗಾಗಿ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಅದಕ್ಕೆ ನಾವು ಮೇಲಿನ ಸ್ಥಾನ ಕೊಡುತ್ತೇವೆ.

ಈ ನಡುವೆ ದೊಡ್ಡ ಹಣದ ಬಾಗಿಲೇ ಬದಲಾಯಿತು. ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಎಸ್‌ಇಆರ್‌ಬಿಯ ಜಾಗಕ್ಕೆ 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು; 2024ರ ಫೆಬ್ರವರಿಯಲ್ಲಿ ಕಾಯ್ದೆ ಜಾರಿಯಾಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಅಂದಾಜು, ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಉದ್ಯಮ ಮತ್ತಿತರ ಮೂಲಗಳಿಂದ ಬರಬೇಕು. ಮಸೂದೆಯ ಚರ್ಚೆಯ ಹೊತ್ತಿನಲ್ಲಿ ಹೊರಬಂದ ಒಂದು ಲೆಕ್ಕ ಮಾತ್ರ ನಮ್ಮ ನಿದ್ದೆ ಕೆಡಿಸಬೇಕಾದದ್ದು. ಎಸ್‌ಇಆರ್‌ಬಿ ಹಂಚಿದ ಹಣದಲ್ಲಿ ಸುಮಾರು 65 ಶೇಕಡಾ ಐಐಟಿಗಳಿಗೆ ಹೋಗಿತ್ತು, ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಿಕ್ಕಿದ್ದು ಸುಮಾರು 11 ಶೇಕಡಾ. ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುವವರಲ್ಲಿ 81 ಶೇಕಡಾ ಮಕ್ಕಳು ಓದುವುದು ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲಿ ಎಂದು ನೀತಿ ಆಯೋಗದ 2025ರ ವರದಿ ಹೇಳುತ್ತದೆ. ಮಕ್ಕಳೆಲ್ಲ ಒಂದು ಕಡೆ, ಹಣವೆಲ್ಲ ಇನ್ನೊಂದು ಕಡೆ.

ಇದಕ್ಕೆ ಪಕ್ಷಪಾತವೊಂದೇ ಕಾರಣ ಎಂದು ಕೈತೊಳೆದುಕೊಂಡರೆ ನಮ್ಮ ಹುಡುಗರಿಗೆ ನ್ಯಾಯ ಸಿಗುವುದಿಲ್ಲ. ಐಐಟಿಯಲ್ಲಿ ಕೆಲಸಕ್ಕೆ ಸೇರಿದ ಹೊಸ ಅಧ್ಯಾಪಕರಿಗೆ ಆರಂಭದಲ್ಲೇ ಸಂಸ್ಥೆಯ ಅನುದಾನ ಸಿಗುತ್ತದೆ. ಐಐಟಿ ಬಾಂಬೆಯ ಐಆರ್‌ಸಿಸಿಯಂಥ ಕಚೇರಿ ಪ್ರಾಜೆಕ್ಟುಗಳ ಕೆಲಸಕ್ಕೆಂದೇ ಇದೆ. ವರ್ಷ ಕಳೆಯುವಷ್ಟರಲ್ಲಿ ಅವರ ಕೈಯಲ್ಲಿ ನಾಲ್ಕು ಗ್ರಾಫ್, ಒಂದು ಪ್ರಬಂಧ, ಇಬ್ಬರು ವಿದ್ಯಾರ್ಥಿಗಳು. ಪ್ರತಿಷ್ಠಾನದ ಯುವ ಸಂಶೋಧಕರ ಅನುದಾನ ಮೂರು ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅದಕ್ಕೆ ಅವರು ಬರೆಯುವ ಅರ್ಜಿಗೂ, ಪದವಿ ತರಗತಿಗಳ ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಬರಿಗೈಯಲ್ಲಿ ಕೂತು ನಮ್ಮವರು ಬರೆಯುವ ಅರ್ಜಿಗೂ ಇರುವ ಅಂತರ ಬುದ್ಧಿಯ ಅಂತರವಲ್ಲ. ಮೊದಲ ಎರಡು ಲಕ್ಷದ ಅಂತರ.

ಆ ಎರಡು ಲಕ್ಷ ಏನು ಮಾಡಬಲ್ಲದು? ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳ ಫ್ಲೋರೈಡನ್ನೇ ತೆಗೆದುಕೊಳ್ಳೋಣ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ಮಾನಕ. ಮೀರಿದ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ವಯಸ್ಸಾದವರ ಕೀಲು ಬಿಗಿಯುತ್ತದೆ. ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ, ಭೂಗರ್ಭಶಾಸ್ತ್ರದ ಒಬ್ಬರು, ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಒಬ್ಬ ಡಾಕ್ಟರು ಸೇರಿ ಇದನ್ನು ಅಧ್ಯಯನ ಮಾಡಲು ಹೊರಟರು ಎಂದಿಟ್ಟುಕೊಳ್ಳಿ. ದೆಹಲಿಯ ತಜ್ಞರ ಸಮಿತಿ ಕೇಳುವ ಮೊದಲ ಪ್ರಶ್ನೆ ಗೊತ್ತಿರುವುದೇ: ನಿಮ್ಮ ಬಳಿ ಪ್ರಾಥಮಿಕ ದತ್ತಾಂಶ ಏನಿದೆ? ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಇನ್ನೊಂದು ಸಲ ಹಳ್ಳಿಹಳ್ಳಿಯ ನೀರು ತಂದು ಪರೀಕ್ಷಿಸಿದ ಲೆಕ್ಕ ಇದ್ದರೆ ಉತ್ತರ ಇದೆ. ಅದಕ್ಕೆ ಬೇಕಾದದ್ದು ಒಂದು ಎಲೆಕ್ಟ್ರೋಡ್, ರಾಸಾಯನಿಕಗಳು, ಪ್ಲಾಸ್ಟಿಕ್ ಬಾಟಲಿಗಳು, ಬಾಡಿಗೆ ಜೀಪು, ಕೆಲವು ತಿಂಗಳ ಮಟ್ಟಿಗೆ ಒಬ್ಬ ಎಂಎಸ್ಸಿ ಮುಗಿಸಿದ ಹುಡುಗ ಅಥವಾ ಹುಡುಗಿ. ಎಲ್ಲವೂ ಎರಡು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ.

ನೀರಿನ ಲೆಕ್ಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೂವರೂ ಒಂದೇ ಜೀಪಿನಲ್ಲಿ ಓಡಾಡಿದಾಗ ಜಗಳವೂ ಆಗುತ್ತದೆ. ಪ್ರಧಾನ ಸಂಶೋಧಕರು ಯಾರು, ಯಾರ ವಿಭಾಗದಲ್ಲಿ ಯಂತ್ರ ಇರಬೇಕು, ಪ್ರಬಂಧದಲ್ಲಿ ಯಾರ ಹೆಸರು ಮೊದಲು, ಮಕ್ಕಳ ಹಲ್ಲು ಪರೀಕ್ಷಿಸಲು ನೈತಿಕ ಸಮಿತಿಯ ಒಪ್ಪಿಗೆ ತರುವವರು ಯಾರು. ನಾಟಕದವರು ತಾಲೀಮಿನಲ್ಲೇ ಜಗಳವಾಡಿ ಮುಗಿಸಿಕೊಳ್ಳುವ ಹಾಗೆ, ಈ ತಗಾದೆಗಳೆಲ್ಲ ಚಿಕ್ಕ ಹಣದ ಹೊತ್ತಿನಲ್ಲೇ ತೀರಿದರೆ ದೊಡ್ಡ ಹಣ ಬಂದಾಗ ತಂಡ ಒಡೆಯುವುದಿಲ್ಲ. ಅರ್ಜಿಯ ಜೊತೆಗೆ ಲಗತ್ತಿಸುವ ಸಹಯೋಗಿಗಳ ಒಪ್ಪಿಗೆ ಪತ್ರ ಆಗ ಬರಿಯ ಕಾಗದವಾಗಿ ಉಳಿಯುವುದಿಲ್ಲ.

ನಮ್ಮ ಕ್ಯಾಂಪಸ್ಸುಗಳಲ್ಲಿ ಬಹಳ ಸಲ ನಡೆಯುವುದು ಬೇರೆಯೇ. ಅರ್ಜಿ ಕರೆಯುವುದು ಜುಲೈ, ಆಯ್ಕೆ ಸಮಿತಿ ಸೇರುವುದು ದಸರಾ ಕಳೆದ ಮೇಲೆ, ಹಣಕಾಸು ವಿಭಾಗದ ಸಹಿ ಬೀಳುವುದು ಜನವರಿ, ಖಾತೆಗೆ ಹಣ ಬರುವುದು ಫೆಬ್ರವರಿಯ ಕೊನೆ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕು. ಮಳೆಗಾಲದ ಮುಂಚಿನ ನೀರೂ ಹೋಯಿತು, ನಂತರದ ನೀರೂ ಹೋಯಿತು. ಉಳಿದ ಕೆಲವು ವಾರಗಳಲ್ಲಿ ಕೊಳ್ಳಲಾಗುವುದು ಕಂಪ್ಯೂಟರ್, ಪ್ರಿಂಟರ್. ಸೀಡ್ ಮನಿಯಿಂದ ಎಷ್ಟೊಂದು ಪ್ರಿಂಟರ್ ಬಂದವು ಎಂದು ಅಧ್ಯಾಪಕರನ್ನು ಆಡಿಕೊಳ್ಳುವ ಮುನ್ನ, ಅವರಿಗೆ ಬೇರೆ ಏನು ಕೊಳ್ಳಲು ಸಮಯ ಬಿಟ್ಟಿದ್ದೆವು ಎಂದು ಕೇಳಿಕೊಳ್ಳಬೇಕು.

ಖರೀದಿ ನಿಯಮಗಳ ಮಾತೂ ಇಲ್ಲೇ ಬರಬೇಕು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗಾಗಿ 1999ರಲ್ಲಿ ಬಂದ ಕಾಯ್ದೆ ಈ ರಾಜ್ಯಕ್ಕೆ ಅಗತ್ಯವಿತ್ತು, ಈಗಲೂ ಇದೆ. ಆದರೆ ರಸ್ತೆಗೆ ಜಲ್ಲಿ ಕೊಳ್ಳುವ ಮನೋಭಾವದಲ್ಲೇ ಒಂದು ಎಂಜೈಮಿನ ಸೀಸೆಯನ್ನೂ ಕೊಳ್ಳಿ ಎಂದರೆ ಪ್ರಯೋಗ ನಿಂತೇ ಹೋಗುತ್ತದೆ. ಕಡಿಮೆ ಬೆಲೆಯ ಎಂಜೈಮು ಕೆಲಸ ಮಾಡದಿದ್ದರೆ ಉಳಿತಾಯ ಎಲ್ಲಿಯದು? ಕೇಂದ್ರ ಹಣಕಾಸು ಸಚಿವಾಲಯ 2025ರ ಜೂನ್‌ನಲ್ಲಿ ತನ್ನ ವ್ಯಾಪ್ತಿಯ ವಿಜ್ಞಾನ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿತು. ಸಂಶೋಧನೆಯ ಖರೀದಿಗೆ ಇಂಥದೇ ಸಡಿಲಿಕೆಯನ್ನು ಬೆಂಗಳೂರೂ ಯೋಚಿಸಬೇಕು.

ಹಣ ಹೊತ್ತಿಗೆ ಸರಿಯಾಗಿ ಬಂದರೂ ಸಾಲದು. ಅರ್ಜಿಯನ್ನು ಯಾರಾದರೂ ಓದಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಉದಾಹರಣೆ ಇಲ್ಲಿ ಪಾಠದಂತಿದೆ. ಅಲ್ಲಿನ ಜೀವರಸಾಯನಶಾಸ್ತ್ರಜ್ಞ ಹ್ಯಾರಿ ಸ್ಟೀನ್‌ಬಾಕ್, ನೇರಳಾತೀತ ಕಿರಣ ಹಾಯಿಸಿ ಆಹಾರದಲ್ಲಿ ವಿಟಮಿನ್ ಡಿ ಹೆಚ್ಚಿಸುವ ವಿಧಾನ ಕಂಡುಹಿಡಿದರು. ಅದರ ಪೇಟೆಂಟಿನ ಆದಾಯ ವಿಶ್ವವಿದ್ಯಾಲಯದ ಸಂಶೋಧನೆಗೇ ಮರಳಲೆಂದು 1925ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧಕ್ಕೆ ಹೆಸರು ಬಂದದ್ದು ಆ ಪ್ರತಿಷ್ಠಾನದಿಂದಲೇ. ನೂರು ವರ್ಷ ತುಂಬಿದ ಆ ವ್ಯವಸ್ಥೆಯಲ್ಲಿ ನಮಗೆ ಹಿಡಿಸಿದ್ದು ಹಣದ ಗಾತ್ರವಲ್ಲ, ಯಾರ ಕೆಲಸಕ್ಕೆ ಹಣ ಎಂಬುದನ್ನು ಅಧ್ಯಾಪಕರದೇ ಸಮಿತಿ ಓದಿ ತೀರ್ಮಾನಿಸುವ ಪದ್ಧತಿ. ನಮ್ಮಲ್ಲಿ ಅರ್ಜಿ ಹಾಕಿದವರಿಗೆ ಸಿಗುವುದು ಮಂಜೂರಾಯಿತು ಅಥವಾ ಆಗಲಿಲ್ಲ ಎಂಬ ಒಂದು ಸಾಲು. ನಿಮ್ಮ ಪ್ರಶ್ನೆ ಚೆನ್ನಾಗಿದೆ, ವಿಧಾನ ದುರ್ಬಲವಾಗಿದೆ, ಸಂಖ್ಯಾಶಾಸ್ತ್ರ ವಿಭಾಗದ ಯಾರನ್ನಾದರೂ ಸೇರಿಸಿಕೊಳ್ಳಿ ಎಂದು ಎರಡು ಪುಟ ಬರೆದುಕೊಟ್ಟರೆ, ಹಣ ಸಿಗದವರಿಗೂ ಮುಂದಿನ ಸಲಕ್ಕೆ ದಾರಿ ಸಿಗುತ್ತದೆ. ಇದಕ್ಕೆ ಖರ್ಚಿಲ್ಲ. ಹಿರಿಯ ಪ್ರಾಧ್ಯಾಪಕರ ಎರಡು ಸಂಜೆಗಳು ಬೇಕು. ದೆಹಲಿಯ ಸಮಿತಿಗಳಲ್ಲಿ ಕೂತು ಬಂದ, ಈಗ ನಿವೃತ್ತರಾಗಿ ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ನೆಲೆಸಿರುವ ಎಷ್ಟು ಜನ ಇದ್ದಾರೆ! ಅವರನ್ನು ಯಾರೂ ಕರೆಯುತ್ತಿಲ್ಲ.

ನ್ಯಾಕ್ ಈ ಹಣಕ್ಕೆ ಅಂಕ ಕೊಟ್ಟದ್ದರಿಂದ ಲಾಭವೂ ಆಗಿದೆ, ಹಾನಿಯೂ ಆಗಿದೆ. ಅಂಕ ಇಲ್ಲದಿದ್ದರೆ ಸಿಂಡಿಕೇಟಿನಲ್ಲಿ ಈ ವಿಷಯ ಎತ್ತಲೂ ಯಾರಿಗೂ ನೆಪ ಸಿಗುತ್ತಿರಲಿಲ್ಲ. ಅದಕ್ಕಾಗಿ ನಾವು ಕೃತಜ್ಞರು. ಆದರೆ ಅಂಕ ಎಣಿಸುವುದು ಕೊಟ್ಟ ರೂಪಾಯಿಯನ್ನು, ಅದರಿಂದ ಹುಟ್ಟಿದ ಪ್ರಶ್ನೆಯನ್ನಲ್ಲ. ಹೀಗಾಗಿ ಪರಿಶೀಲನಾ ತಂಡ ಬರುವ ಮುಂಚಿನ ವರ್ಷ ಆದೇಶಪತ್ರಗಳು ಚುರುಕಾಗುತ್ತವೆ, ಮೊತ್ತವನ್ನು ಯಾರಿಗೂ ಬೇಸರವಾಗದಂತೆ ಸಮನಾಗಿ ಹಂಚಲಾಗುತ್ತದೆ, ತಂಡ ಹೋದ ಮೇಲೆ ಎಲ್ಲವೂ ತಣ್ಣಗಾಗುತ್ತದೆ. ಸಮನಾಗಿ ಹಂಚಿದ ಹಣ ಯಾರ ಕೆಲಸಕ್ಕೂ ಸಾಕಾಗುವುದಿಲ್ಲ. ಐದು ವರ್ಷದ ಹಿಂದೆ ಸೀಡ್ ಮನಿ ಪಡೆದವರು ಆಮೇಲೆ ಎಲ್ಲೆಲ್ಲಿ ಅರ್ಜಿ ಹಾಕಿದರು, ಯಾವುದು ತಿರಸ್ಕೃತವಾಯಿತು, ಏಕೆ ಎಂಬ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾಲಯವೂ ಪ್ರಕಟಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ತಿರಸ್ಕಾರಗಳನ್ನು ಮುಚ್ಚಿಡಬೇಕಿಲ್ಲ, ಎರಡನೆಯ ಅರ್ಜಿ ಚೆನ್ನಾಗಿ ಬರುವುದು ಮೊದಲನೆಯದರ ಟೀಕೆಯಿಂದಲೇ.

ಮಾನವಿಕ ವಿಭಾಗಗಳ ವಿಷಯಕ್ಕೆ ಬಂದರೆ ಹೊರಗಿನ ಅನುದಾನ ತಂದಿರಾ ಎಂದು ಕೇಳುವುದೇ ಅನ್ಯಾಯ. ಐಸಿಎಸ್‌ಎಸ್‌ಆರ್, ಐಸಿಎಚ್‌ಆರ್ ಬಿಟ್ಟರೆ ಅವರು ತಟ್ಟಬಹುದಾದ ಬಾಗಿಲುಗಳೇ ಕಡಿಮೆ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳು ಅಲ್ಲಿನ ಕನ್ನಡ ಅಧ್ಯಯನ ಸಂಸ್ಥೆಯಿಂದ 1972ರಿಂದ ಬರತೊಡಗಿದವು. ವರ್ಷಗಟ್ಟಲೆ ವಿದ್ವಾಂಸರು ಕೂತು ಮಾಡಿದ ಇಂಥ ಕೆಲಸಗಳ ಬೆನ್ನಿಗೆ ವಿಶ್ವವಿದ್ಯಾಲಯವೇ ನಿಂತಿತ್ತು. ಇಂಥ ಕೆಲಸಕ್ಕೆ ಒಳಗಿನ ಹಣವೇ ಪೂರ್ತಿ ಹಣ. ಅದನ್ನು ಬೇರೆ ಶೀರ್ಷಿಕೆಯಲ್ಲಿ, ಬೇರೆ ಅಳತೆಗೋಲಿನಲ್ಲಿ ಕೊಡಬೇಕು.

ದುಡ್ಡೆಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಹಳೆಯ ವಿಶ್ವವಿದ್ಯಾಲಯಗಳು ನಿವೃತ್ತರ ಪಿಂಚಣಿಯ ಭಾರದಲ್ಲಿ ಬಾಗಿವೆ. ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಹೊಸದಾಗಿ ಆರಂಭವಾದ ಏಳು ವಿಶ್ವವಿದ್ಯಾಲಯಗಳಿಗೆ ಘೋಷಣೆಯಾದದ್ದು ತಲಾ 2 ಕೋಟಿ ರೂಪಾಯಿ. ದೆಹಲಿಯ ಮೂರು ಯುವ ಸಂಶೋಧಕರ ಅನುದಾನಕ್ಕಿಂತ ಸ್ವಲ್ಪ ಹೆಚ್ಚು ಹಣದಲ್ಲಿ ಒಂದು ವಿಶ್ವವಿದ್ಯಾಲಯ! ಹಾಗಿದ್ದರೂ ಒಂದು ಮೂಲ ಕಣ್ಣೆದುರೇ ಇದೆ. ಹೊರಗಿನ ಪ್ರತಿ ಪ್ರಾಜೆಕ್ಟಿನ ಜೊತೆ ಸಂಸ್ಥೆಗೆ ಓವರ್‌ಹೆಡ್ ಎಂದು ಒಂದು ಪಾಲು ಬರುತ್ತದೆ. ಅದು ಸಾಮಾನ್ಯ ಖಾತೆಗೆ ಸೇರಿ, ಕರೆಂಟು ಬಿಲ್ಲಿನಲ್ಲೋ ಸಮಾರಂಭದ ಶಾಮಿಯಾನದಲ್ಲೋ ಕರಗಿಹೋಗುತ್ತದೆ. ಆ ಪಾಲಿನ ಅರ್ಧವನ್ನಾದರೂ ಸೀಡ್ ಮನಿಗೆಂದೇ ಮೀಸಲಿಟ್ಟರೆ, ಇಂದು ಗೆದ್ದ ತಂಡ ನಾಳಿನ ತಂಡಕ್ಕೆ ಹಣ ಕೊಟ್ಟಂತಾಗುತ್ತದೆ.

ಇನ್ನು ಅತಿಥಿ ಉಪನ್ಯಾಸಕರು. ಕಾಯಂ ಹುದ್ದೆಗಳು ವರ್ಷಾನುಗಟ್ಟಲೆ ಖಾಲಿ ಬಿದ್ದು, ಸ್ನಾತಕೋತ್ತರ ವಿಭಾಗಗಳ ಪಾಠದ ಹೊರೆ ಬಹುಮಟ್ಟಿಗೆ ಅವರ ಹೆಗಲ ಮೇಲಿದೆ. ಪಿಎಚ್‌ಡಿ ಮುಗಿಸಿದವರು, ಒಳ್ಳೆಯ ಪತ್ರಿಕೆಗಳಲ್ಲಿ ಪ್ರಬಂಧ ಬರೆದವರು ಅವರಲ್ಲಿದ್ದಾರೆ. ಕಾಯಂ ಅಧ್ಯಾಪಕರಿಗೇ ಪ್ರಾಜೆಕ್ಟ್ ಎಂದು ಹೊರಗಿನ ಸಂಸ್ಥೆಗಳು ಷರತ್ತು ಹಾಕಿದರೆ ನಾವೇನೂ ಮಾಡುವ ಹಾಗಿಲ್ಲ. ಒಳಗಿನ ಅನುದಾನದ ನಿಯಮ ಮಾತ್ರ ಸಿಂಡಿಕೇಟಿನ ಕೈಯಲ್ಲೇ ಇದೆ. ಅತಿಥಿ ಉಪನ್ಯಾಸಕರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಬಹುದು, ಕಾಯಂ ಅಧ್ಯಾಪಕರೊಬ್ಬರ ಹೊಣೆಯಲ್ಲಿ ಖರ್ಚು ಮಾಡುವ ಅವಕಾಶ ಕೊಡಬಹುದು, ತಂಡದ ಹೆಸರಿನಲ್ಲಿ ಹೋಗುವ ದೊಡ್ಡ ಅರ್ಜಿಯಲ್ಲಿ ಅವರ ಕೆಲಸಕ್ಕೆ ಅವರ ಹೆಸರು ಬರುವಂತೆ ನೋಡಿಕೊಳ್ಳಬಹುದು. ಮುಂದಿನ ಬಜೆಟ್ ಸಭೆಯಲ್ಲಿ ಒಂದು ನಿರ್ಣಯ ಮಾಡಿದರೆ ಸಾಕು; ಇದಕ್ಕೆ ದೆಹಲಿಯ ಅನುಮತಿಯೂ ಬೇಡ, ವಿಧಾನಸೌಧದ ಕಡತವೂ ಬೇಡ.