ಬಿಸಿ ಉಗುಳೋದು ಕಾರ್ಡು, ಕುಡಿಯೋದು ಎಸ್‌ಎಂಪಿಎಸ್

(1/4)
ಹೊಸ ಪಿಸಿ ಕಟ್ಟಿಸಿದ ತಕ್ಷಣ ಸ್ಟೋರಿ ಹಾಕ್ತೀರಲ್ಲ, ಅದರಲ್ಲಿ ಗ್ರಾಫಿಕ್ಸ್ ಕಾರ್ಡಿನ ಟೆಂಪರೇಚರ್ ಸ್ಕ್ರೀನ್‌ಶಾಟ್ ಇದ್ದೇ ಇರುತ್ತೆ. "68 ಡಿಗ್ರಿ ಅಷ್ಟೇ ಗುರೂ!" ಖುಷಿಪಡಿ, ಬೇಡ ಅನ್ನಲ್ಲ. ಆದ್ರೆ ಕಾರ್ಡು ಬಿಟ್ಟ ಬಿಸಿ ಎಲ್ಲಿಗೆ ಹೋಯ್ತು? ಮಾಯ ಆಯ್ತಾ?

ಆರ್‌ಟಿಎಕ್ಸ್ 3060 ತಗೊಳ್ಳಿ, ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಹತ್ರ ಇದೆ. 170 ವ್ಯಾಟ್. 3080 ಆದ್ರೆ 320. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯೇ. ಹಳೇ ಬ್ಲೋವರ್ ಕಾರ್ಡುಗಳು ಕಿವಿ ಕಿತ್ತುಹೋಗೋ ಹಾಗೆ ಕೂಗ್ತಿದ್ವು ನಿಜ, ಆದ್ರೆ ಬಿಸಿಯನ್ನ ಬಹುಪಾಲು ಹಿಂದಿನ ಸ್ಲಾಟಿಂದ ನೇರ ಆಚೆ ತಳ್ತಿದ್ವು. ಈಗಿನ ಎರಡು, ಮೂರು ಫ್ಯಾನ್ ಕಾರ್ಡುಗಳು ತಮ್ಮ ಮನೆ ಗುಡಿಸಿ ಕಸವನ್ನ ಪಕ್ಕದ ಮನೆ ಅಂಗಳಕ್ಕೆ ಹಾಕೋ ಜಾತಿ. ಆ ಪಕ್ಕದ ಮನೆ ಎಸ್‌ಎಂಪಿಎಸ್.

(2/4)
ಕಳೆದ ಏಪ್ರಿಲ್, ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ರಾತ್ರಿ. ರೆಂಡರ್‌ಗೆ ಹಾಕಿ 20 ನಿಮಿಷ ಆಗಿತ್ತು, ಟಪ್ ಅಂತ ಆಫ್. ಎರರ್ ಇಲ್ಲ, ನೀಲಿ ಪರದೆ ಇಲ್ಲ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಆನ್, ಮತ್ತೆ ಟಪ್. ಬೆಳಿಗ್ಗೆ ಅಂಗಡಿಯವರಿಗೆ ಫೋನ್ ಮಾಡಿದ್ರೆ "ಕಾರ್ಡ್ ಹೋಗಿದೆ" ಅಂದ್ರು. ಅಪ್ಪನ ದುಡ್ಡಲ್ಲಿ ತಗೊಂಡ ಕಾರ್ಡು! ಹೊಟ್ಟೆ ಉರಿದುಹೋಯ್ತು.

ಕಾರ್ಡು 72 ಡಿಗ್ರಿಯಲ್ಲಿ ಆರಾಮಾಗೇ ಇತ್ತು. ಕ್ಯಾಬಿನೆಟ್ ಬಿಚ್ಚಿ ನೋಡಿದ್ರೆ, ತಳದಲ್ಲಿ ಕೂತ ಎಸ್‌ಎಂಪಿಎಸ್‌ನ ಫ್ಯಾನ್ ಮೇಲ್ಮುಖ. ಗಾಜಿಂದ ಲೈಟ್ ಚೆನ್ನಾಗಿ ಕಾಣ್ಲಿ ಅಂತ ಅವರೇ ಹಾಗೆ ಕೂರಿಸಿದ್ದು. ಕಾರ್ಡಿನ ಫ್ಯಾನು ಕೆಳಗಿನ ಗಾಳಿ ಎಳೀತದೆ, ಎಸ್‌ಎಂಪಿಎಸ್ ಫ್ಯಾನು ಮೇಲಿನ ಗಾಳಿ ಎಳೀತದೆ. ಇಬ್ಬರೂ ಒಂದೇ ಬಿಸಿ ಗಾಳಿಗೆ ಕಿತ್ತಾಡ್ತಾ ಇದ್ರು. ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬ ಉಲ್ಟಾ ಮಾಡ್ದೆ. ಅದೇ ರೆಂಡರ್, ಅದೇ ಸೆಖೆ, ಒಂದ್ಸಲಾನೂ ಆಫ್ ಆಗ್ಲಿಲ್ಲ.

(3/4)
"ನಂದು ಗೋಲ್ಡ್ ಮಗಾ, ಏನೂ ಆಗಲ್ಲ" ಅನ್ನೋರಿಗೆ: 80 ಪ್ಲಸ್ ಸ್ಟಿಕರ್ ಹೇಳೋದು ಎಷ್ಟು ಕರೆಂಟ್ ಪೋಲಾಗುತ್ತೆ ಅನ್ನೋದನ್ನ. ಆ ಪರೀಕ್ಷೆ ನಡೆಯೋದು ಸುಮಾರು 23 ಡಿಗ್ರಿ ಕೋಣೆಯಲ್ಲಿ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಯಾವ ಹಾಸ್ಟೆಲ್ ರೂಮು 23 ಡಿಗ್ರಿ ಇರುತ್ತೆ ಹೇಳಿ. 90% ದಕ್ಷತೆಯದ್ದಾದ್ರೂ 360 ವ್ಯಾಟ್ ಕೊಡೋಕೆ 400 ಎಳೀಬೇಕು, ಉಳಿದ 40 ಡಬ್ಬದ ಒಳಗೇ ಬಿಸಿ. ಅದರ ಮೇಲೆ ಕಾರ್ಡಿನ ಬಿಸಿಗಾಳಿನೂ ಕುಡಿಸ್ತೀರ. ಒಳಗಿರೋ ಕೆಪಾಸಿಟರ್‌ಗಳ ಲೆಕ್ಕ ಎಲೆಕ್ಟ್ರಾನಿಕ್ಸ್ ಓದೋರಿಗೆ ಗೊತ್ತು: 10 ಡಿಗ್ರಿ ಏರಿದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ. ಇಷ್ಟಾದ್ರೂ ಹೆಚ್ಚಿನ ಎಸ್‌ಎಂಪಿಎಸ್‌ಗಳು ತಮ್ಮ ಟೆಂಪರೇಚರ್ ನಿಮ್ಮ ಸ್ಕ್ರೀನಿಗೆ ತೋರಿಸೋದೇ ಇಲ್ಲ. ಕಾಣಿಸದಿದ್ದಕ್ಕೆ ಯಾರು ಸ್ಟೋರಿ ಹಾಕ್ತಾರೆ?

ಮೇಲ್ಮುಖ ಯಾವಾಗಲೂ ತಪ್ಪು ಅಂತಲ್ಲ. ತಳದಲ್ಲಿ ಜಾಲರಿಯೇ ಇಲ್ಲದ ಕ್ಯಾಬಿನೆಟ್ ಆದ್ರೆ ಬೇರೆ ದಾರಿ ಇಲ್ಲ. ಹಾಸಿಗೆ ಮೇಲೆ, ಕಾರ್ಪೆಟ್ ಮೇಲೆ ಇಡೋರಿಗೂ ಕೆಳಮುಖ ಅಂದ್ರೆ ಮೂಗು ಮುಚ್ಚಿದ ಹಾಗೆ. (ಹಾಸಿಗೆ ಮೇಲೆ ಪಿಸಿ ಯಾಕ್ರೋ ಇಡ್ತೀರ?)

(4/4)
ಮುಂದೆ ಪೂರ್ತಿ ಗಾಜು, ಗಾಳಿ ಬರೋಕೆ ಬೆರಳಗಲ ಸಂದಿ. ಅಂಥ ಕ್ಯಾಬಿನೆಟ್‌ಗೆ ಸಾವಿರಗಟ್ಟಲೆ ಕೊಟ್ಟು ಎಸ್‌ಎಂಪಿಎಸ್‌ನಲ್ಲಿ ಉಳಿಸೋಕೆ ನೋಡ್ಬೇಡಿ. ಆ ದುಡ್ಡಲ್ಲಿ ಜಾಲರಿ ಮುಖದ ಕ್ಯಾಬಿನೆಟ್, ಹಿಂದಕ್ಕೊಂದು ಎಕ್ಸಾಸ್ಟ್ ಫ್ಯಾನ್ ಬರುತ್ತೆ. ದುಡ್ಡೇ ಇಲ್ವಾ? ಕಾರ್ಡಿನ ಪವರ್ ಲಿಮಿಟ್ 80%ಗೆ ಇಳಿಸಿ. 170 ಇದ್ದಿದ್ದು 136 ಆಗುತ್ತೆ. ನಾನಂತೂ ಆಟದಲ್ಲಿ ವ್ಯತ್ಯಾಸ ಕಂಡಿಲ್ಲ.

ಎಸ್‌ಎಂಪಿಎಸ್ ತಿರುಗಿಸೋ ಮೊದಲು ಪ್ಲಗ್ ಕೀಳಿ. ಡಬ್ಬವನ್ನ ಮಾತ್ರ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹೊಡೆಯೋಷ್ಟು ಚಾರ್ಜ್ ಇರುತ್ತೆ.

ಇವತ್ತು ರಾತ್ರಿ ಕ್ಯಾಬಿನೆಟ್ ಮಲಗಿಸಿ ತಳದ ಫೋಟೋ ತೆಗೆದು ಡಿಎಂ ಮಾಡಿ. ಧೂಳು ಒರೆಸಿ ಕಳಿಸ್ಬೇಡಿ, ಹೇಗಿದೆಯೋ ಹಾಗೇ.