ಟೇಪು ಹಿಡಿದು ಬರುತ್ತೇನೆ ಅಂದಿದ್ದಿರಿ

ನಮ್ಮ ಜಿಲ್ಲೆಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೂವತ್ತನೇ ದಿನ ಒಂದೇ ಸಾಲಿನ ಕಾಗದ ಬಂತು, ‘ಮೋಟಾರು ವಾಹನ ಕಾಯ್ದೆಯ ಕಲಂ 52 ನೋಡಿಕೊಳ್ಳುವುದು’ ಎಂದು. ಬೇರೆ ದಾರಿ ಉಳಿಯದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ, ತಾವು ಕ್ಷಮಿಸಬೇಕು.

ನನ್ನ ಜೀಪಿನ ತಕರಾರು ನಮ್ಮ ಹೋಬಳಿಗೆಲ್ಲ ಗೊತ್ತಿರುವುದೇ. 1994ರ ಮಹೀಂದ್ರ ಎಂಎಂ 540, ಪ್ಯೂಜೊ ಡೀಸೆಲ್ ಎಂಜಿನ್, ಕಂಪನಿ ಕೊಟ್ಟ ಟೈರು 6.00-16. ಹದಿನೈದು ವರ್ಷ ತುಂಬಿದ ಮೇಲೆ 2009, 2014, 2019ರಲ್ಲಿ ಮೂರು ಸಲ ನೋಂದಣಿ ನವೀಕರಣವಾಗಿದೆ, ಯಾರೂ ಚಕಾರ ಎತ್ತಿಲ್ಲ. 2023ರ ಡಿಸೆಂಬರ್‌ನಲ್ಲಿ ತಾಲೂಕು ಕಚೇರಿಯ ಕುಂದುಕೊರತೆ ಸಭೆಗೆ ತಾವು ಬಂದಿದ್ದಾಗ ಎದ್ದು ನಿಂತು ಕೇಳಿದೆ: ಟೈರು ಸವೆದಿದೆ, ಸ್ವಲ್ಪ ದೊಡ್ಡದು ಹಾಕಿಸಬೇಕೆಂದಿದ್ದೇನೆ, ಎಷ್ಟರವರೆಗೆ ಹೋಗಬಹುದು, ದಯವಿಟ್ಟು ಬರೆದು ಕೊಡಿ. ತಾವು ಮೈಕು ಹತ್ತಿರ ಎಳೆದುಕೊಂಡು ಹೇಳಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ. “ಹಾಕಿಸೋಕೆ ಮೊದಲೇ ಕೇಳೋಕೆ ಬಂದವರು ನೀವೊಬ್ಬರೇ. ಅರ್ಜಿ ಕೊಡಿ. ಹದಿನೈದು ದಿನದೊಳಗೆ ನಾನೇ ಟೇಪು ಹಿಡಿದು ಬರ್ತೀನಿ, ಅಳೆದು ಅಲ್ಲೇ ಬರೆದು ಕೊಡ್ತೀನಿ.” ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಅರ್ಜಿ ಕೊಟ್ಟು ಹದಿನೈದು ದಿನ ಕಾದೆ. ಆಮೇಲೆ ಐದು ತಿಂಗಳು ಕಾದೆ. ಮೇ ಮುಗಿಯುವಷ್ಟರಲ್ಲಿ ಹಳೆಯ ಟೈರು ಬೋಳಾಗಿತ್ತು. ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆ ಆಳ ಇರಬಾರದು ಎಂಬುದು ನಿಮ್ಮದೇ ನಿಯಮ. ಬೋಳು ಟೈರಿನಲ್ಲಿ ಮುಂಗಾರು ಎದುರಿಸುವ ಧೈರ್ಯ ನನಗಿರಲಿಲ್ಲ. 235/75 ಆರ್ 15 ಹಾಕಿಸಿ, ಅಳತೆಯನ್ನೆಲ್ಲ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ನಿಮಗೆ ತಿಳಿಸಿದೆ. ನವೀಕರಣದ ಐದು ಸಾವಿರ ರೂಪಾಯಿ ಕಟ್ಟಿ ಜೀಪು ತಂದ ದಿನ ನಿಮ್ಮ ಇನ್‌ಸ್ಪೆಕ್ಟರು ಹತ್ತು ಮಾರು ದೂರದಲ್ಲೇ ನಿಂತು ‘ದೊಡ್ಡ ಟೈರು, ತಿರಸ್ಕರಿಸಿದೆ’ ಎಂದು ಬರೆದುಬಿಟ್ಟರು. ಹತ್ತಿರ ಬರಲಿಲ್ಲ, ಬಗ್ಗಿ ನೋಡಲಿಲ್ಲ. ನಿಮ್ಮ ಕೊಠಡಿಗೆ ಬಂದೆ. ಇಪ್ಪತ್ತು ಜನರ ಎದುರು ನೀವು ಕೇಳಿದಿರಿ: “ಈ ವಯಸ್ಸಲ್ಲಿ ನಿಮಗ್ಯಾಕೆ ಯಜಮಾನ್ರೇ ಈ ಶೋಕಿ?”

ಶೋಕಿ ಎಂಬ ಆ ಮಾತಿಗೆ ಉತ್ತರ ಕೊಡದೆ ನನಗೆ ನಿದ್ದೆ ಬರುತ್ತಿಲ್ಲ.

ಟಾರು ರಸ್ತೆಯ ತುದಿಯಿಂದ ನನ್ನ ಮನೆಗೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ಹನ್ನೊಂದು ಮನೆ, ತೋಟದ ಕೂಲಿಯವರ ಒಂದು ಲೈನು ಮನೆ. ಹಳೆಯ 6.00-16 ಟೈರು ಕಿರಿದು, ಸುಮಾರು 15 ಸೆಂ.ಮೀ. ಅಗಲ. ಕೆಸರಿನ ಕೆಳಗೆ ಗಟ್ಟಿ ನೆಲವಿದ್ದರೆ ಅದಕ್ಕಿಂತ ಒಳ್ಳೆಯ ಟೈರಿಲ್ಲ, ಕೆಸರನ್ನು ಸೀಳಿಕೊಂಡು ಹೋಗಿ ನೆಲ ಹಿಡಿಯುತ್ತದೆ. ನಮ್ಮ ಕಡೆಯ ಹಳೆಯ ಡ್ರೈವರುಗಳು ಈಗಲೂ ಅದನ್ನೇ ಮೆಚ್ಚುತ್ತಾರೆ, ಇಪ್ಪತ್ತೈದು ವರ್ಷ ನಾನೂ ಮೆಚ್ಚಿದವನೇ. ಆದರೆ ಗುಡ್ಡದ ಮೇಲೆ ರೆಸಾರ್ಟ್ ಕೆಲಸ ಶುರುವಾಗಿ ಜಲ್ಲಿ ತುಂಬಿದ ಟಿಪ್ಪರುಗಳು ಓಡಾಡಿದ ಮೇಲೆ ನಮ್ಮ ದಾರಿಗೆ ತಳ ಎಂಬುದೇ ಉಳಿದಿಲ್ಲ. ಎರಡೂ ಕಡೆ ಮೊಣಕಾಲುದ್ದದ ಕೊರಕಲು, ನಡುವೆ ದಿಬ್ಬ. ಕಿರಿದಾದ ಟೈರು ಕೊರಕಲಿಗೆ ಇಳಿದು ಇಳಿದು ಕೊನೆಗೆ ಡಿಫರೆನ್ಷಿಯಲ್ಲಿನ ಹೊಟ್ಟೆ ದಿಬ್ಬದ ಮೇಲೆ ಕೂತುಬಿಡುತ್ತದೆ. ಆಮೇಲೆ ಫೋರ್ ವೀಲ್ ಹಾಕಿದರೂ ಅಷ್ಟೆ, ಲೋ ಗೇರಿಗೆ ತಂದರೂ ಅಷ್ಟೆ, ನಾಲ್ಕು ಚಕ್ರವೂ ನಿಂತಲ್ಲೇ ಸುತ್ತುತ್ತವೆ. ಅಗಲದ ಟೈರು ಭಾರವನ್ನು ಹರಡಿ ಮೇಲೆಯೇ ತೇಲಿಕೊಂಡು, ಕೊರಕಲಿನ ಅಂಚು ಕಚ್ಚಿಕೊಂಡು ಹೋಗುತ್ತದೆ. ಟ್ಯೂಬ್‌ಲೆಸ್ ಆದ್ದರಿಂದ ಮುಳ್ಳು ಚುಚ್ಚಿದರೆ ಚಕ್ರ ಬಿಚ್ಚದೆ ಮಳೆಯಲ್ಲೇ ನಿಂತು ತೂತಿಗೆ ಬತ್ತಿ ಹಾಕಬಹುದು. ನನಗೆ ಅರವತ್ತೇಳು ವರ್ಷ. ಪುನರ್ವಸು ಮಳೆಯಲ್ಲಿ ಜಾಕು ಹಿಡಿದು ಕೆಸರಿನಲ್ಲಿ ಮಲಗುವ ವಯಸ್ಸಲ್ಲ ಎಂದು ಈ ಟೈರು ಹಾಕಿಸಿದ್ದು, ನೀವು ಹೇಳಿದ ವಯಸ್ಸಿಗೂ ಟೈರಿಗೂ ಇರುವ ಸಂಬಂಧ ಇದೇ.

ಈಗ ಅಳತೆಗೆ ಬನ್ನಿ. ನೀವು ಅಳೆಯದೆ ಬಿಟ್ಟದ್ದನ್ನು ನಾನು ಅಳೆದಿದ್ದೇನೆ. ಹಳೆಯ ಟೈರನ್ನೂ ಹೊಸದನ್ನೂ ಗೋಡೆಗೆ ಒರಗಿಸಿ ನೋಡಿದೆ: ಹಳೆಯದರ ಎತ್ತರ 73 ಸೆಂ.ಮೀ., ಹೊಸದು 73 ಚಿಲ್ಲರೆ. ನನ್ನ ಟೈರು ಹೆಚ್ಚಿರುವುದು ಅಗಲದಲ್ಲಿ, ಎತ್ತರದಲ್ಲಿ ಅಲ್ಲ. ಎತ್ತರ ಬದಲಾಗದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಬ್ರೇಕ್ ಡ್ರಮ್ಮಿಗೆ ಹೆಚ್ಚಿನ ಹೊರೆ ಬೀಳುವುದಿಲ್ಲ, ಗೇರಿನ ಎಳೆತವೂ ಹಾಗೇ ಉಳಿಯುತ್ತದೆ. ಅಗಲಕ್ಕೆ ಬೇಕಾದ ಜಾಗ್ರತೆಯನ್ನೂ ಬಿಟ್ಟಿಲ್ಲ. ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಪ್ಲೇಟ್ ಸ್ಪ್ರಿಂಗಿಗೆ ಉಜ್ಜುತ್ತಿತ್ತು, ಸ್ಟೇರಿಂಗಿನ ಸ್ಟಾಪರ್ ಬೋಲ್ಟ್ ಹೊಂದಿಸಿದೆ. ಹಾಗಾಗಿ ತಿರುವಿಗೆ ಈಗ ಜಾಸ್ತಿ ಜಾಗ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಮಡ್‌ಗಾರ್ಡಿನಿಂದ ಎರಡು ಬೆರಳು ಹೊರಗೆ ಬಂದದ್ದಕ್ಕೆ ದಪ್ಪ ರಬ್ಬರ್ ಪಟ್ಟಿ ಕೂರಿಸಿದೆ. ಮುಂದಿನ ಕಿಂಗ್‌ಪಿನ್ನಿನ ಬೇರಿಂಗ್ ಹೊಸದು ಹಾಕಿಸಿದೆ.

ಇನ್ನೂ ದೊಡ್ಡದು ಹಾಕಿಸಿ ಎಂದವರಿದ್ದರು. 31 ಇಂಚಿನ ಟೈರು ಹಾಕಿದರೆ ನೆಲದಿಂದ ಸಿಗುವ ಎತ್ತರ ಬರೀ ಮೂರು ಸೆಂಟಿಮೀಟರಿನಷ್ಟು ಹೆಚ್ಚು. ಅದಕ್ಕೆ ತೆರಬೇಕಾದ ಬೆಲೆಯೇನು? ಮೀಟರು ನಲವತ್ತು ತೋರಿಸುವಾಗ ಗಾಡಿ ನಲವತ್ಮೂರರಲ್ಲಿ ಓಡುತ್ತಿರುತ್ತದೆ. ಡ್ರಮ್ ಅದೇ, ಚಕ್ರ ದೊಡ್ಡದು. ಇಳಿಜಾರಿನಲ್ಲಿ ಬ್ರೇಕು ಒತ್ತಿದಷ್ಟಕ್ಕೆ ನಿಲ್ಲುವುದಿಲ್ಲ. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುವ ಶಕ್ತಿಯೂ ಕುಂದುತ್ತದೆ. ಮೂವತ್ತು ವರ್ಷದ ಆಕ್ಸಲ್ ಎಷ್ಟು ದಿನ ತಡೆದೀತು? ಅಂಥ ಟೈರು ಹಾಕಿ ಘಟ್ಟ ಇಳಿಯುವವರನ್ನು ನೀವು ಹಿಡಿದರೆ ಮೊದಲು ಬೆನ್ನು ತಟ್ಟುವವನು ನಾನು. ಆದರೆ ಹಿಡಿಯುವುದಕ್ಕೂ ಅಳೆಯಬೇಕಲ್ಲ? ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನರನ್ನು ಹೊತ್ತು ಹತ್ತುವುದು ಇಂಥ ಹಳೆಯ ಜೀಪುಗಳೇ. ಆ ಡ್ರೈವರುಗಳಿಗೆ ಇಷ್ಟು ಸರಿ, ಇಷ್ಟು ತಪ್ಪು ಎಂದು ಹೇಳುವ ಒಂದು ಕಾಗದ ಬೇಡವೇ?

ಕಲಂ 52 ನೋಡಿಕೊಳ್ಳಿ ಅಂದಿರಿ. ನೋಡಿದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನೂ ಓದಿಸಿ ಕೇಳಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಕಲಮಿನ ಕೊನೆಗೆ ಒಂದು ವಿವರಣೆ ಇದೆ: ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ರಚನೆಯನ್ನು ಬದಲಿಸುವುದು. ನನ್ನ ಜೀಪಿನ ಯಾವ ಮೂಲ ಲಕ್ಷಣ ಬದಲಾಗಿದೆ? ಛಾಸಿ ಅದೇ, ಎಂಜಿನ್ ಅದೇ, ಬಾಡಿ ಅದೇ. ನನ್ನ ಆರ್‌ಸಿಯಲ್ಲಿ ಟೈರಿನ ಅಳತೆಯ ಸಾಲೇ ಇಲ್ಲ. ಇಷ್ಟಾದರೂ ಕಾನೂನು ನನ್ನ ವಿರುದ್ಧವೇ ಇದ್ದರೆ ಹಾಗೆಂದು ಸಹಿ ಹಾಕಿ ಬರೆದು ಕೊಡಿ. ನಾಳೆಯೇ ಬಿಚ್ಚಿಸುತ್ತೇನೆ. ಸಭೆಯಲ್ಲಿ ನಾನು ಬೇಡಿದ್ದೂ ಅದೇ ಒಂದು ಕಾಗದ, ನೀವು ಕೊಡುತ್ತೇನೆ ಅಂದದ್ದೂ ಅದೇ.

ಜೀಪು ಶೆಡ್ಡಿನಲ್ಲಿ ನಿಂತು ಇದು ಎರಡನೇ ಮಳೆಗಾಲ. ಹೋದ ಆಷಾಢದಲ್ಲಿ ಪಕ್ಕದ ಮನೆಯ ಅಜ್ಜಿಗೆ ರಾತ್ರಿ ಉಬ್ಬಸ ಹೆಚ್ಚಾಯಿತು. ಆಂಬ್ಯುಲೆನ್ಸ್ ಟಾರು ರಸ್ತೆಯ ತುದಿಗೆ ಬಂದು ನಿಂತಿತು, ಅದಕ್ಕಿಂತ ಮುಂದೆ ಬರಲಾರದು. ನಾಲ್ವರು ಹುಡುಗರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಕಿಲೋಮೀಟರ್ ಹೊತ್ತರು. ನಾನು ಮುಂದೆ ಬ್ಯಾಟರಿ ಹಿಡಿದು ನಡೆದೆ. ಅಜ್ಜಿ ಬದುಕಿದರು. ಆದರೆ ಆ ರಾತ್ರಿಯಿಡೀ ಶೆಡ್ಡಿನಲ್ಲಿ ನಿಂತ ಜೀಪೇ ನನ್ನ ಕಣ್ಣೆದುರು ಇತ್ತು. ನೋಂದಣಿಯಿಲ್ಲದ ಗಾಡಿ ರಸ್ತೆಗೆ ಇಳಿಸಿ ಏನಾದರೂ ಆದರೆ ವಿಮೆಯವರೂ ಕೈ ಎತ್ತುತ್ತಾರೆ ಎಂದು ಹೆದರಿ ನಾನು ಕೀಲಿ ಮುಟ್ಟಲಿಲ್ಲ. ಆ ಹೆದರಿಕೆಗೆ ನನಗೆ ನಾಚಿಕೆಯಾಗಿದೆ. ನಿಮಗೆ?

ನಮ್ಮ ದಾರಿಯನ್ನು ಕೊರಕಲು ಮಾಡಿದ ಟಿಪ್ಪರುಗಳನ್ನು ಒಂದು ದಿನವಾದರೂ ತಡೆದು ತೂಕ ನೋಡಿದ್ದೀರಾ? ಅವು ಹೋಗುವುದು ನಿಮ್ಮ ಕಚೇರಿಯ ಮುಂದಿನಿಂದಲೇ. 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು 2022ರಲ್ಲಿ 5000ಕ್ಕೆ ಏರಿಸಿದಿರಿ, ಕಟ್ಟಿದ್ದೇವೆ. ಹಳೆಯ ಗಾಡಿ ಗುಜರಿಗೆ ಹಾಕಿ ಎನ್ನುತ್ತೀರಿ. ಈ ದಾರಿಯಲ್ಲಿ ಓಡುವ ಹೊಸ ಗಾಡಿಗೆ ಲಕ್ಷಗಟ್ಟಲೆ ಬೇಕು, ಕಾಫಿ ಬೆಳೆದವನ ಕೈಯಲ್ಲಿ ವರ್ಷಕ್ಕೊಮ್ಮೆ ಕಾಣುವ ದುಡ್ಡಿನಲ್ಲಿ ಅದು ಆಗುವುದಿಲ್ಲ. ಸರ್ಕಾರಿ ಕೆಲಸ ಇಷ್ಟು ದಿನದಲ್ಲಿ ಆಗಲೇಬೇಕೆಂದು ಈ ರಾಜ್ಯ 2011ರಲ್ಲೇ ಸಕಾಲ ಕಾಯ್ದೆ ಮಾಡಿದೆ. ಇಲ್ಲಿ ಅದರ ಮಾತೂ ಬೇಡ. ಹದಿನೈದು ದಿನ ಎಂದು ಗಡುವು ಹಾಕಿದ್ದು ಕಾಯ್ದೆಯಲ್ಲ, ನೀವು. ನಾನು ಕೇಳಿರಲಿಲ್ಲ, ಮೈಕಿನಲ್ಲಿ ನೀವಾಗಿಯೇ ಹೇಳಿದಿರಿ.

ನನ್ನ ಬೇಡಿಕೆ ಇಷ್ಟೇ. ಬನ್ನಿ, ಅಳೆಯಿರಿ, ಬರೆದು ಕೊಡಿ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ. ಆ ಕಾಗದವನ್ನು ನಿಮ್ಮ ನೋಟಿಸ್ ಬೋರ್ಡಿಗೂ ಅಂಟಿಸಿ. ಜೀಪು ಇಟ್ಟುಕೊಂಡ ಮಲೆನಾಡಿನ ಎಲ್ಲರೂ ಓದಲಿ. ಮತ್ತು ಇಪ್ಪತ್ತು ಜನರ ಎದುರು ಆಡಿದ ಆ ಶೋಕಿ ಎಂಬ ಮಾತನ್ನು ಇಪ್ಪತ್ತು ಜನರ ಎದುರೇ ಹಿಂದಕ್ಕೆ ತೆಗೆದುಕೊಳ್ಳಿ.

ಬರುವ ದಿನ ಮೊದಲೇ ತಿಳಿಸಿ. ನಿಮ್ಮ ಕಾರನ್ನು ಟಾರು ರಸ್ತೆಯ ತುದಿಯ ಅರಳಿಕಟ್ಟೆ ಹತ್ತಿರ ನಿಲ್ಲಿಸಬೇಕು. ಅಲ್ಲಿಂದ ಮೇಲಕ್ಕೆ ನಡೆಯಬೇಕಾಗುತ್ತದೆ. ಜೀಪು ತಂದು ಕರೆದೊಯ್ಯಲು ನನಗೆ ಪರವಾನಗಿ ಇಲ್ಲ. ಕೊಡೆ ಹಿಡಿದು ನಾನು ಕಟ್ಟೆಯ ಹತ್ತಿರವೇ ಕಾದಿರುತ್ತೇನೆ.

ಇಂತಿ,
ಹದಿನೈದು ದಿನಕ್ಕೆಂದು ಕಾಯಲು ಕೂತ ಒಬ್ಬ ಕಾಫಿ ಬೆಳೆಗಾರ